ಮುಪ್ಪಿಗೆ ಕಾಲಂ ಇಲ್ಲದ ಸೆರೆಮನೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುವ ಜೈಲು ಅಂಕಿಅಂಶಗಳ ವರದಿಯಲ್ಲಿ ಕೈದಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದ ಕೋಷ್ಟಕವೊಂದಿದೆ. 18ರಿಂದ 30, 30ರಿಂದ 50, ಆಮೇಲೆ ‘50 ಮತ್ತು ಮೇಲ್ಪಟ್ಟವರು’. ಅಲ್ಲಿಗೆ ಮುಗಿಯಿತು. 51ರ ಗಟ್ಟಿಮುಟ್ಟಾದ ಕೈದಿಯೂ ಗೋಡೆ ಹಿಡಿದು ಶೌಚಾಲಯಕ್ಕೆ ಹೋಗುವ 83ರ ಕೈದಿಯೂ ಒಂದೇ ಕಾಲಂನಲ್ಲಿ ಕೂತಿರುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 1,33,415 ಸಜಾಬಂದಿಗಳ ಪೈಕಿ 27,690 ಮಂದಿ ಈ ಕಾಲಂಗೆ ಸೇರಿದವರು. ಐವರಲ್ಲಿ ಒಬ್ಬರು. ಅವರಲ್ಲಿ 70 ದಾಟಿದವರೆಷ್ಟು, ಮಂಚದಿಂದ ಏಳಲಾಗದವರೆಷ್ಟು ಎಂಬುದು ಕೋಷ್ಟಕದಲ್ಲಿಲ್ಲ. ವಿಚಿತ್ರವೆಂದರೆ ಅದೇ ವರದಿಯ ಸಾವಿನ ಪಟ್ಟಿಯಲ್ಲಿ ‘ವೃದ್ಧಾಪ್ಯ’ ಎಂಬ ಪ್ರತ್ಯೇಕ ಕಾರಣವಿದೆ. ಬದುಕಿದ್ದಾಗ ಲೆಕ್ಕಕ್ಕೆ ಸಿಗದ ಮುಪ್ಪು ಹೆಣ ಹೊರಗೆ ಬಂದಾಗ ಸಿಗುತ್ತದೆ.

ಇದು ಬರೀ ಗುಮಾಸ್ತಿಕೆಯ ಲೋಪವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ 2008ರಿಂದೀಚೆಗೆ ನಮ್ಮ ನ್ಯಾಯಾಲಯಗಳೂ ಸಂಸತ್ತೂ ಬರೆಯುತ್ತಿರುವ ಶಿಕ್ಷೆಗಳ ಸ್ವರೂಪವೇ ಬದಲಾಗಿದೆ. ಅದರ ಫಲ ಇಂದಿನ ಬ್ಯಾರಕ್ಕುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, 2035ರಿಂದ 2050ರ ನಡುವೆ ಕಾಣುತ್ತದೆ. ಅಷ್ಟು ಹೊತ್ತಿಗೆ ಆ ಶಿಕ್ಷೆ ಬರೆದವರು ನಿವೃತ್ತರಾಗಿರುತ್ತಾರೆ.

ಬದಲಾವಣೆಯ ಬೇರು ಬೆಂಗಳೂರಿನ ಒಂದು ಕೊಲೆ ಪ್ರಕರಣದಲ್ಲಿದೆ. ‘ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ’ ಎಂದು ಕಾನೂನು ಪುಸ್ತಕಗಳಲ್ಲಿ ದಾಖಲಾಗಿರುವ ಈ ಪ್ರಕರಣದಲ್ಲಿ ಪತ್ನಿಯನ್ನು ಕೊಂದ ಅಪರಾಧಿಗೆ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತ್ತು, ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. 2008ರ ಜುಲೈ 22ರಂದು ಮೂವರ ಪೀಠ ನಡುದಾರಿ ಹುಡುಕಿತು. ಗಲ್ಲು ಹೆಚ್ಚಾಯಿತು, ಆದರೆ ಹದಿನಾಲ್ಕು ವರ್ಷಕ್ಕೆ ಹೊರಬರಬಹುದಾದ ಜೀವಾವಧಿ ತೀರಾ ಕಡಿಮೆಯಾಯಿತು. ಹಾಗಾಗಿ ಬದುಕಿರುವವರೆಗೂ ಜೈಲು, ಮಾಫಿ ಇಲ್ಲ. ನ್ಯಾಯಮೂರ್ತಿ ಅಫ್ತಾಬ್ ಆಲಂ ಬರೆದ ಈ ತೀರ್ಪು ಹೊಸದೊಂದು ಶಿಕ್ಷೆಯನ್ನೇ ಹುಟ್ಟುಹಾಕಿತು. 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ ಬಹುಮತದಿಂದ ಅದಕ್ಕೆ ಮುದ್ರೆಯೊತ್ತಿತು. ಅಂದಿನಿಂದ ಹೈಕೋರ್ಟುಗಳೂ ಸುಪ್ರೀಂ ಕೋರ್ಟೂ ಗಲ್ಲನ್ನು ಇಳಿಸುವಾಗ 20, 25, 30 ವರ್ಷ ‘ಮಾಫಿಯಿಲ್ಲದೆ’ ಎಂದು ಬರೆಯುವುದು ರೂಢಿಯಾಗಿದೆ.

ಸಂಸತ್ತು ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂತು. ದೆಹಲಿಯ ನಿರ್ಭಯಾ ಪ್ರಕರಣದ ನಂತರ 2013ರ ತಿದ್ದುಪಡಿ ಅತ್ಯಾಚಾರದ ಕೆಲವು ಕಲಮುಗಳಲ್ಲಿ ಜೀವಾವಧಿ ಎಂದರೆ ‘ಸಹಜ ಆಯುಷ್ಯದ ಉಳಿದ ಭಾಗ’ ಎಂದು ಬಿಡಿಸಿ ಬರೆಯಿತು. 2019ರಲ್ಲಿ ಪೋಕ್ಸೊ ಕಾಯ್ದೆಗೂ ಆ ಮಾತು ಬಂತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಈ ಪ್ರತಿಯೊಂದು ಹೆಜ್ಜೆಗೂ ಕಾರಣವಾದ ಅಪರಾಧಗಳು ಭೀಕರವಾಗಿದ್ದವು, ಜನರ ಸಿಟ್ಟು ನ್ಯಾಯವಾಗಿತ್ತು. ಆದರೆ ಸಿಟ್ಟಿನಲ್ಲಿ ಯಾರೂ ಕೂಡಿಸುವ ಲೆಕ್ಕ ಮಾಡಲಿಲ್ಲ. 2013ರಲ್ಲಿ 28 ವರ್ಷದವನಾಗಿದ್ದು ಈ ಶಿಕ್ಷೆ ಪಡೆದವನಿಗೆ 2045ಕ್ಕೆ 60 ತುಂಬುತ್ತದೆ. ಆಮೇಲೂ ಅವನು ಹತ್ತೋ ಇಪ್ಪತ್ತೋ ವರ್ಷ ಬದುಕುತ್ತಾನೆ. ಅವನ ಹಿಂದೆ ಪ್ರತಿ ವರ್ಷ ಹೊಸಬರು ಬಂದು ಸೇರುತ್ತಿರುತ್ತಾರೆ, ಹೊರಗೆ ಹೋಗುವವರಿಲ್ಲ. ಈಗಾಗಲೇ ನಮ್ಮ ಸಜಾಬಂದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜೀವಾವಧಿಯವರು. ಜೈಲುಗಳೋ 2022ರ ಕೊನೆಗೆ ನೂರು ಜನರ ಜಾಗದಲ್ಲಿ 131 ಜನರನ್ನು ಹೊತ್ತಿದ್ದವು.

ಮುಂದೇನಾಗುತ್ತದೆ ಎಂದು ಊಹಿಸಬೇಕಾಗಿಲ್ಲ. ಅಮೆರಿಕ ಇದೇ ಹಾದಿಯಲ್ಲಿ ನಮಗಿಂತ ಸುಮಾರು ಮೂವತ್ತು ವರ್ಷ ಮುಂದಿದೆ.

ಅಲ್ಲಿ ಪೆರೋಲ್ ಎಂದರೆ ನಮ್ಮಲ್ಲಿರುವಂತೆ ಮಗಳ ಮದುವೆಗೋ ತಾಯಿಯ ತಿಥಿಗೋ ಸಿಗುವ ಕೆಲವು ದಿನಗಳ ರಜೆಯಲ್ಲ. ಷರತ್ತಿನ ಮೇಲೆ ಉಳಿದ ಶಿಕ್ಷೆಯನ್ನು ಹೊರಗೆ ಕಳೆಯುವ ಅವಕಾಶ, ನಮ್ಮ ಅವಧಿಪೂರ್ವ ಬಿಡುಗಡೆಗೆ ಹತ್ತಿರವಾದದ್ದು. 1984ರ ಕಾಯ್ದೆಯ ಮೂಲಕ ಅಲ್ಲಿನ ಒಕ್ಕೂಟ ಸರ್ಕಾರ ಪೆರೋಲನ್ನೇ ತೆಗೆದುಹಾಕಿತು. ವರ್ಜೀನಿಯಾದಂಥ ರಾಜ್ಯಗಳು 1990ರ ದಶಕದಲ್ಲಿ ಅದನ್ನೇ ಮಾಡಿದವು. ಕ್ಯಾಲಿಫೋರ್ನಿಯಾ 1994ರಲ್ಲಿ ಮೂರನೇ ಅಪರಾಧಕ್ಕೆ 25 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಎಂಬ ಕಾನೂನು ತಂದಿತು. ಎಲ್ಲವೂ ಜನಪ್ರಿಯ ಕ್ರಮಗಳೇ. ಫಲಿತಾಂಶ ಅಮೆರಿಕದ ನ್ಯಾಯಾಂಗ ಅಂಕಿಅಂಶ ಬ್ಯೂರೋದ ಪುಸ್ತಕದಲ್ಲಿದೆ: ರಾಜ್ಯಗಳ ಜೈಲುಗಳಲ್ಲಿ 55 ದಾಟಿದವರು 1993ರಲ್ಲಿ 26,300 ಇದ್ದರು, 2013ಕ್ಕೆ 1,31,500 ಆದರು. ಇಪ್ಪತ್ತೇ ವರ್ಷದಲ್ಲಿ ಐದು ಪಟ್ಟು.

ನಂತರ ಜೈಲುಗಳು ಆಸ್ಪತ್ರೆಗಳಾಗತೊಡಗಿದವು. ಲೂಸಿಯಾನಾದ ಅಂಗೋಲಾ ಸೆರೆಮನೆಯಲ್ಲಿ 1998ರಲ್ಲಿ ಸಾಯುವವರ ಆರೈಕೆಗೊಂದು ವಾರ್ಡು ತೆರೆಯಿತು. ಅಲ್ಲಿ ಆರೈಕೆ ಮಾಡುವವರೂ ಕೈದಿಗಳೇ. ನ್ಯೂಯಾರ್ಕಿನ ಫಿಶ್‌ಕಿಲ್ ಜೈಲಿನಲ್ಲಿ 2006ರಲ್ಲಿ ಮರೆವು ರೋಗದವರಿಗೆಂದು ಬೇರೆ ವಿಭಾಗ ಬಂತು. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ 2012ರಲ್ಲಿ ಮಾಡಿದ ಲೆಕ್ಕದಂತೆ ಸರಾಸರಿ ಕೈದಿಗೆ ವರ್ಷಕ್ಕೆ 34,135 ಡಾಲರ್ ಬೀಳುತ್ತಿದ್ದರೆ 50 ದಾಟಿದವನಿಗೆ 68,270 ಡಾಲರ್. ನಿಖರವಾಗಿ ಎರಡು ಪಟ್ಟು. ನಮ್ಮಲ್ಲಿ ಖರ್ಚು ಹಾಗೆ ಏರುವುದಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ, ಏರದಿರಬಹುದು. ಚಿಕಿತ್ಸೆ ಕೊಡದಿದ್ದರೆ ಖರ್ಚು ಏರುವುದಿಲ್ಲ.

ಇಷ್ಟೆಲ್ಲ ಖರ್ಚು ಮಾಡಿ ಸಮಾಜ ಕೊಂಡುಕೊಂಡ ಸುರಕ್ಷತೆ ಎಷ್ಟು? ಈ ಪ್ರಶ್ನೆಗೆ ಅಪರಾಧಶಾಸ್ತ್ರದ ಬಳಿ ಅಪರೂಪವೆನ್ನುವಷ್ಟು ಖಚಿತವಾದ ಉತ್ತರವಿದೆ. ಹರೆಯದಲ್ಲಿ ಏರಿ, ಇಪ್ಪತ್ತರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತಲೇ ಹೋಗುವ ಅಪರಾಧದ ರೇಖೆಯನ್ನು ಬೆಲ್ಜಿಯಂನ ಕ್ವೆಟೆಲೆ 1831ರಲ್ಲೇ ಗುರುತಿಸಿದ್ದ. ಆದರೆ ಅದು ಗುಂಪಿನ ಸರಾಸರಿ. ಹುಟ್ಟಾ ಪುಂಡನೊಬ್ಬ ಮುದುಕನಾದಾಗಲೂ ಪುಂಡನೇ ಅಲ್ಲವೇ ಎಂಬ ಅನುಮಾನ ಉಳಿದೇ ಇತ್ತು. ಅದನ್ನು ಪರೀಕ್ಷಿಸಲು ಒಬ್ಬೊಬ್ಬನನ್ನೂ ಬಾಲ್ಯದಿಂದ ಮುಪ್ಪಿನವರೆಗೆ ಹಿಂಬಾಲಿಸಬೇಕು. ಯಾವ ವಿಜ್ಞಾನಿಗೂ ಅಷ್ಟು ಆಯುಸ್ಸಿಲ್ಲ.

ಅದೃಷ್ಟ ಬೇರೆ ರೀತಿಯಲ್ಲಿ ಒದಗಿತು. ಶೆಲ್ಡನ್ ಮತ್ತು ಎಲೀನರ್ ಗ್ಲೂಕ್ ಎಂಬ ಹಾರ್ವರ್ಡ್‌ನ ದಂಪತಿ 1940ರಲ್ಲಿ ಸುಧಾರಣಾ ಶಾಲೆಗಳಲ್ಲಿದ್ದ ಬಾಸ್ಟನ್ನಿನ 500 ಹುಡುಗರ ಅಧ್ಯಯನ ಶುರುಮಾಡಿ, ಅವರು 32 ತಲುಪುವವರೆಗೆ ದಾಖಲೆ ಇಟ್ಟಿದ್ದರು. ಆ ಕಾಗದಗಳು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ದೂಳು ತಿನ್ನುತ್ತಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಅವುಗಳನ್ನು ಕಂಡರು. ಅವರೂ ರಾಬರ್ಟ್ ಸ್ಯಾಂಪ್ಸನ್ನರೂ ಆ ಹುಡುಗರ ಕಥೆಯನ್ನು 70ನೇ ವಯಸ್ಸಿನವರೆಗೆ ಎಳೆದು ತಂದರು. ಪೊಲೀಸ್ ದಾಖಲೆ, ಮರಣ ದಾಖಲೆಗಳನ್ನು ಜಾಲಾಡಿದರು, ಬದುಕಿದ್ದವರಲ್ಲಿ 52 ಜನರನ್ನು ಹುಡುಕಿ ಎದುರು ಕೂತು ಮಾತಾಡಿಸಿದರು. 2003ರಲ್ಲಿ ಅವರು ಪ್ರಕಟಿಸಿದ್ದು ಇದು: ಎಷ್ಟೇ ಕಷ್ಟದ ಬಾಲ್ಯದವರಿರಲಿ, ಎಷ್ಟೇ ದಾಖಲೆಯ ಅಪರಾಧಿಗಳಿರಲಿ, ಕೊನೆಗೆ ಎಲ್ಲ ಗುಂಪುಗಳೂ ಅಪರಾಧ ಬಿಡುತ್ತವೆ. ಕೆಲವರು ಬೇಗ, ಕೆಲವರು ತಡವಾಗಿ. ಬಾಲ್ಯದ ಲಕ್ಷಣಗಳನ್ನು ನೋಡಿ ಯಾರು ಯಾವಾಗ ಬಿಡುತ್ತಾರೆಂದು ಹೇಳಲು ಅವರಿಂದ ಆಗಲಿಲ್ಲ. ಶಿಕ್ಷೆ ಬರೆಯುವ ದಿನವೇ ‘ಇವನು ಎಂದಿಗೂ ಬದಲಾಗುವುದಿಲ್ಲ’ ಎಂದು ತೀರ್ಮಾನಿಸುವ ನ್ಯಾಯಪೀಠ ಯಾವ ಆಧಾರದ ಮೇಲೆ ಹಾಗನ್ನುತ್ತದೆ ಎಂಬ ಪ್ರಶ್ನೆ ಇಲ್ಲಿಂದ ಏಳುತ್ತದೆ.

ಬಿಡುಗಡೆಯಾದವರ ಅಂಕಿಗಳೂ ಅದನ್ನೇ ಹೇಳುತ್ತವೆ. ಅಮೆರಿಕದ ಶಿಕ್ಷಾ ಆಯೋಗ 2017ರಲ್ಲಿ ಒಕ್ಕೂಟದ ಜೈಲುಗಳಿಂದ ಹೊರಬಂದವರನ್ನು ಎಂಟು ವರ್ಷ ಹಿಂಬಾಲಿಸಿದ ವರದಿ ಕೊಟ್ಟಿತು. 21 ತುಂಬುವ ಮೊದಲೇ ಹೊರಬಂದವರಲ್ಲಿ ಶೇ 67.6 ಮಂದಿ ಮತ್ತೆ ಬಂಧಿತರಾದರು. 65 ದಾಟಿ ಬಂದವರಲ್ಲಿ ಶೇ 13.4. ಮೇರಿಲ್ಯಾಂಡ್ ರಾಜ್ಯದಲ್ಲಿ 2012ರ ಉಂಗರ್ ತೀರ್ಪಿನಿಂದಾಗಿ, ಹಳೆಯ ವಿಚಾರಣೆಗಳಲ್ಲಿ ಜ್ಯೂರಿಗೆ ಕೊಟ್ಟ ಸೂಚನೆ ತಪ್ಪಾಗಿತ್ತೆಂಬ ಕಾರಣಕ್ಕೆ, ಜೀವಾವಧಿಯ ಸುಮಾರು ಇನ್ನೂರು ಮುದುಕರು ಹೊರಗೆ ಬಂದರು. ಬಹುತೇಕರು ಕೊಲೆ, ಅತ್ಯಾಚಾರಗಳಂಥ ಅಪರಾಧಗಳವರು. ಯಾರೂ ಆರಿಸಿ ಬಿಟ್ಟವರಲ್ಲ ಎಂಬುದೇ ಈ ಪ್ರಕರಣದ ಬೆಲೆ. ಐದಾರು ವರ್ಷಗಳ ನಂತರ ನೋಡಿದಾಗ ಮತ್ತೆ ಅಪರಾಧಕ್ಕೆ ಬಿದ್ದವರು ಶೇ 4ಕ್ಕಿಂತ ಕಡಿಮೆ.

ಲೈಂಗಿಕ ಅಪರಾಧಿಗಳ ಮಾತು ಬೇರೆ ಎನ್ನುವವರಿದ್ದಾರೆ. ಅವರ ಅಪಾಯವನ್ನು ಅಳೆಯಲು ಹಲವು ದೇಶಗಳಲ್ಲಿ ಬಳಸುವ ‘ಸ್ಟ್ಯಾಟಿಕ್-99ಆರ್’ ಎಂಬ ಅಳತೆಪಟ್ಟಿ 60 ದಾಟಿದವರ ಒಟ್ಟು ಅಂಕದಿಂದ ಮೂರನ್ನು ಕಳೆಯುತ್ತದೆ. ವಯಸ್ಸಿನ ಪರಿಣಾಮ ಅಷ್ಟು ಗಟ್ಟಿಯೆಂದು ಕಂಡ ಮೇಲೆಯೇ ಹಳೆಯ ಪಟ್ಟಿಯನ್ನು ಹೀಗೆ ತಿದ್ದಿದ್ದು. ಅಪಾಯ ಸೊನ್ನೆಯಾಗುತ್ತದೆಂದು ಇದರ ಅರ್ಥವಲ್ಲ. ಸೊನ್ನೆಯಾಗದವನನ್ನು ಹುಡುಕಿ ಒಳಗೇ ಇಡಲು ವಿಚಾರಣೆ ನಡೆಯಬೇಕು ಎಂದು ಅರ್ಥ.

ಈಗ ಮುಪ್ಪು ಜೈಲಿನೊಳಗೆ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಬಡತನ, ಬೀಡಿ, ಕುಡಿತ, ಕ್ಷಯ, ವರ್ಷಗಟ್ಟಲೆ ಮುರಿದ ನಿದ್ದೆ, ಒಬ್ಬರ ಮೇಲೊಬ್ಬರು ಮಲಗುವ ಬ್ಯಾರಕ್ ಇವೆಲ್ಲ ಸೇರಿ ಕೈದಿಯ ದೇಹ ಕ್ಯಾಲೆಂಡರಿಗಿಂತ ಮುಂದೆ ಓಡುತ್ತದೆ. ಅದಕ್ಕೇ ಅಮೆರಿಕದ ಹಲವು ಜೈಲು ಇಲಾಖೆಗಳು 50 ಅಥವಾ 55ಕ್ಕೇ ‘ವೃದ್ಧ’ ಎಂದು ಬರೆದುಕೊಳ್ಳುತ್ತವೆ. ಕಿವಿ ಮಂದ, ಕಣ್ಣಿಗೆ ಪೊರೆ, ಮಂಡಿಗೆ ಬಲವಿಲ್ಲ. ನೆಲದ ಮೇಲೆ ಹಾಸಿಕೊಂಡು ಮಲಗಿದವನು ಏಳಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಎಣಿಕೆಗೆ ಸಾಲು ನಿಲ್ಲಬೇಕು.

ಮರೆವಿನ ರೋಗ ಇನ್ನೂ ಜಾಣತನದಿಂದ ಬಚ್ಚಿಟ್ಟುಕೊಳ್ಳುತ್ತದೆ. ಮನೆಯಲ್ಲಾದರೆ ಅಜ್ಜ ಒಲೆ ಆರಿಸುವುದು ಮರೆತಾಗಲೋ ಬಸ್ಸು ತಪ್ಪಿ ಹತ್ತಿದಾಗಲೋ ಮನೆಯವರಿಗೆ ಹೊಳೆಯುತ್ತದೆ. ಜೈಲಿನಲ್ಲಿ ಒಲೆಯೂ ಇಲ್ಲ, ಬಸ್ಸೂ ಇಲ್ಲ. ಗಂಟೆ ಬಾರಿಸಿದಾಗ ಏಳು, ಗಂಟೆ ಬಾರಿಸಿದಾಗ ಉಣ್ಣು. ಸ್ವಂತ ತೀರ್ಮಾನವೇ ಬೇಡದ ದಿನಚರಿ ವರ್ಷಗಳ ಕಾಲ ರೋಗವನ್ನು ಮುಚ್ಚಿಡುತ್ತದೆ. ಕೊನೆಗೆ ಅದು ಹೊರಬೀಳುವುದು ಅಶಿಸ್ತಿನ ರೂಪದಲ್ಲಿ. ಕರೆದರೆ ಓಗೊಡಲಿಲ್ಲ, ಬೇರೊಬ್ಬನ ಹಾಸಿಗೆಯಲ್ಲಿ ಮಲಗಿದ, ಕಾವಲುಗಾರನ ಮೇಲೆ ಕೈಯೆತ್ತಿದ. ಪುಸ್ತಕದಲ್ಲಿ ದುರ್ನಡತೆ ಎಂದು ದಾಖಲಾಗುತ್ತದೆ. ನಮ್ಮಲ್ಲಿ ಬಿಡುಗಡೆಯ ಮಾತೆಲ್ಲ ನಿಂತಿರುವುದು ‘ಸನ್ನಡತೆ’ಯ ಮೇಲೆ. ಹೀಗಾಗಿ ಯಾರ ಮಿದುಳು ಸೋಲುತ್ತಿದೆಯೋ ಅವನ ಬಾಗಿಲೇ ಮೊದಲು ಮುಚ್ಚುತ್ತದೆ. ಪಶ್ಚಾತ್ತಾಪವನ್ನು ತೂಗುವ ಸಮಿತಿಯ ಮುಂದೆ ತನ್ನ ಅಪರಾಧವೇ ನೆನಪಿಲ್ಲದವನು ಏನು ಹೇಳಬೇಕು? 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಜೈಲಿನ ಗೋಡೆ ಅದನ್ನು ತಡೆಯಲಾರದು.

ಕ್ಯಾಲಿಫೋರ್ನಿಯಾ ಒಂದು ದಾರಿ ಕಂಡುಕೊಂಡಿತು, ಅದೂ ಸ್ವಂತ ವಿವೇಕದಿಂದಲ್ಲ. ಜೈಲುಗಳ ಇಕ್ಕಟ್ಟು ಕ್ರೂರ ಶಿಕ್ಷೆಯ ಮಟ್ಟ ಮುಟ್ಟಿದೆ ಎಂದು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಅದರ ಬೆನ್ನಿಗೆ 2014ರಲ್ಲಿ ಬಂದ ನ್ಯಾಯಾಲಯದ ಆದೇಶ 60 ತುಂಬಿ 25 ವರ್ಷ ಒಳಗೆ ಕಳೆದವರಿಗೆ ಪೆರೋಲ್ ಮಂಡಳಿಯ ಮುಂದೆ ಹಾಜರಾಗುವ ಅರ್ಹತೆ ಕೊಟ್ಟಿತು. 2017ರಲ್ಲಿ ಶಾಸನಸಭೆ ಅದನ್ನು ಕಾನೂನು ಮಾಡಿತು. 2021ರ ಜನವರಿ 1ರಿಂದ ಅರ್ಹತೆ 50 ವರ್ಷ ವಯಸ್ಸು, 20 ವರ್ಷ ಶಿಕ್ಷೆಗೆ ಇಳಿಯಿತು. ಇದು ಬಿಡುಗಡೆಯ ಹಕ್ಕಲ್ಲ, ಕೇಳಿಸಿಕೊಳ್ಳುವ ಹಕ್ಕು. ಮಂಡಳಿ ಹಲವರಿಗೆ ಇಲ್ಲವೆನ್ನುತ್ತದೆ. ಪೆರೋಲ್‌ರಹಿತ ಜೀವಾವಧಿಯವರನ್ನು ಹೊರಗಿಟ್ಟದ್ದು ಅದರ ದೊಡ್ಡ ದೋಷ; ಬಾಗಿಲು ಹೆಚ್ಚು ಬೇಕಾಗಿದ್ದವರಿಗೇ ಅದು ತೆರೆಯಲಿಲ್ಲ.

ನಮ್ಮ ದೋಷವೂ ಅದೇ. 2018ರಲ್ಲಿ ಗಾಂಧೀಜಿಯ 150ನೇ ಜಯಂತಿಯ ನೆಪದಲ್ಲಿ, 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ನೆಪದಲ್ಲಿ ಕೇಂದ್ರ ಸರ್ಕಾರ ವಿಶೇಷ ಮಾಫಿ ಘೋಷಿಸಿತು. ಅರ್ಧ ಶಿಕ್ಷೆ ಮುಗಿಸಿದ 60 ದಾಟಿದ ಗಂಡಸರು, ಎರಡನೇ ಸಲ 50 ದಾಟಿದ ಹೆಂಗಸರು ಹೊರಗೆ ಬರಬಹುದೆಂದಾಯಿತು. ಜೀವಾವಧಿಯವರಿಗೆ ಮಾತ್ರ ಇಲ್ಲ. ಆರು ವರ್ಷದ ಶಿಕ್ಷೆಯಲ್ಲಿ ಮೂರು ಮುಗಿಸಿದವನು ಹೇಗೂ ಬರುತ್ತಾನೆ. ಜೈಲಿನಲ್ಲಿ ಮುದುಕರಾಗುವವರು ಜೀವಾವಧಿಯವರು, ಅವರಿಗೆ ಹಬ್ಬದ ಊಟದಲ್ಲೂ ಎಲೆ ಹಾಕಲಿಲ್ಲ. ಉತ್ತರ ಪ್ರದೇಶ ಇನ್ನೂ ಮುಂದೆ ಹೋಗಿ 2021ರಲ್ಲಿ ವಯಸ್ಸನ್ನೇ ಅಡ್ಡಗಟ್ಟಿತು. 60 ತುಂಬದ ಜೀವಾವಧಿ ಕೈದಿಯ ಅರ್ಜಿಯನ್ನು ಪರಿಗಣಿಸುವುದಿಲ್ಲ ಎಂಬ ನಿಯಮ! ಮರುವರ್ಷ ಅದನ್ನು ಸರ್ಕಾರವೇ ಕೈಬಿಟ್ಟಿತು, ಸುಪ್ರೀಂ ಕೋರ್ಟೂ ಅಂಥ ನಿಯಮದ ಸಿಂಧುತ್ವದ ಬಗ್ಗೆ ಅನುಮಾನ ವ್ಯಕ್ತಪಡಿಸಿತು.

ಬಿಡುಗಡೆಯೆಂದರೆ ಜನ ಮೂಗು ಮುರಿಯಲು ಕಾರಣವಿದೆ. ಬಿಲ್ಕಿಸ್ ಬಾನು ಪ್ರಕರಣದ ಹನ್ನೊಂದು ಮಂದಿಯನ್ನು ಗುಜರಾತ್ ಸರ್ಕಾರ ಬಿಟ್ಟದ್ದು, ಹಾರ ಹಾಕಿ ಅವರನ್ನು ಸ್ವಾಗತಿಸಿದ್ದು, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿದ್ದು ಎಲ್ಲರ ನೆನಪಿನಲ್ಲಿದೆ. ಡೇರಾ ಸಚ್ಚಾ ಸೌದಾದ ಮುಖ್ಯಸ್ಥನಿಗೆ ಮೇಲಿಂದ ಮೇಲೆ ಪೆರೋಲ್ ಸಿಗುವುದನ್ನೂ ಓದುತ್ತೇವೆ. ಹಿಂಬಾಗಿಲು ಪ್ರಭಾವಿಗಳಿಗೆ ಸದಾ ತೆರೆದಿರುತ್ತದೆ. ಮುಂಬಾಗಿಲಿಗೆ ಸ್ಪಷ್ಟವಾದ ವಯಸ್ಸು, ವರ್ಷ, ಕಾರಣ ಬರೆದ ಆದೇಶ, ಸಂತ್ರಸ್ತರ ಕುಟುಂಬದ ಮಾತು ಕೇಳುವ ಕಡ್ಡಾಯ ಇವನ್ನೆಲ್ಲ ಇಡಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ವಾದ ಬೇಕಿಲ್ಲ. ಆ ಕುಟುಂಬಗಳ ನೋವು ಅಪರಾಧಿಗೆ 75 ತುಂಬಿದ್ದರಿಂದ ಕರಗುವುದಿಲ್ಲ, ಅದನ್ನು ಅಂಕಿಅಂಶಗಳಿಂದ ಸಮಾಧಾನಪಡಿಸಲು ಹೋಗುವುದು ಒರಟುತನ. ಆದರೆ ಅವರಿಗೆ ಸುರಕ್ಷತೆಯ ಹೆಸರಲ್ಲಿ ಕೊಡುತ್ತಿರುವುದು ಸುರಕ್ಷತೆಯಲ್ಲ ಎಂಬುದನ್ನಾದರೂ ಪ್ರಾಮಾಣಿಕವಾಗಿ ಹೇಳಬೇಕು.

ಪೆರೋಲಿನ ಯಾವ ಯೋಜನೆಗೂ ಎಟುಕದ ಇನ್ನೊಂದು ಗುಂಪಿದೆ. 2022ರ ಕೊನೆಗೆ 50 ದಾಟಿದ ವಿಚಾರಣಾಧೀನ ಕೈದಿಗಳು 44,955. ಸಜೆಯಾದ ಮುದುಕರಿಗಿಂತ ಬಹಳ ಹೆಚ್ಚು. ಫಾದರ್ ಸ್ಟ್ಯಾನ್ ಸ್ವಾಮಿ ಇಂಥವರಲ್ಲಿ ಒಬ್ಬರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದುಡಿದಿದ್ದ ಅವರು ಪಾರ್ಕಿನ್ಸನ್ ಕಾಯಿಲೆಯಿಂದ ಲೋಟ ಹಿಡಿಯಲಾಗದೆ ಸಿಪ್ಪರಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನು ಸಿಗದೆಯೇ ತೀರಿಕೊಂಡರು. ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮು ಜಾಮೀನಿನ ವಿಷಯದಲ್ಲಿ ಮಕ್ಕಳು, ಹೆಂಗಸರು, ರೋಗಿಗಳು, ಅಶಕ್ತರಿಗೆ ವಿನಾಯಿತಿ ಹೇಳುತ್ತದೆ, ಮುಪ್ಪಿನ ಹೆಸರೆತ್ತುವುದಿಲ್ಲ. ಒಂದು ಪದ ಸೇರಿಸಿದರೆ ಆಗುವ ಕೆಲಸ.

ಕರ್ನಾಟಕಕ್ಕೆ ಇದನ್ನೆಲ್ಲ ಮೊದಲು ಮಾಡುವ ಅನುಕೂಲವಿದೆ. ಜೈಲು ರಾಜ್ಯಪಟ್ಟಿಯ ವಿಷಯ. ಪರಪ್ಪನ ಅಗ್ರಹಾರದ ಐದು ಸಾವಿರಕ್ಕೂ ಹೆಚ್ಚು ಕೈದಿಗಳ ಮಾನಸಿಕ ಆರೋಗ್ಯವನ್ನು ನಿಮ್ಹಾನ್ಸ್ ತಜ್ಞರು ಪರೀಕ್ಷಿಸಿ 2011ರಲ್ಲೇ ವರದಿ ಕೊಟ್ಟಿದ್ದರು. ಅದೇ ತಂಡದಂಥವರು 60 ದಾಟಿದವರ ನೆನಪು, ಕಣ್ಣು, ಕಿವಿ, ನಡಿಗೆಯನ್ನು ರಾಜ್ಯದ ಕೇಂದ್ರ ಕಾರಾಗೃಹಗಳಲ್ಲಿ ಪರೀಕ್ಷಿಸುವುದು ಅಸಾಧ್ಯದ ಮಾತಲ್ಲ. ಹೊರಗೆ ಯಾರೂ ಇಲ್ಲದವರನ್ನು ಏನು ಮಾಡುವುದು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಮೂವತ್ತು ವರ್ಷದಲ್ಲಿ ಹೆಂಡತಿ ಸತ್ತಿರುತ್ತಾಳೆ, ಮಕ್ಕಳು ವಿಳಾಸ ಬದಲಿಸಿರುತ್ತಾರೆ, ಊರಿನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜಪಾನಿನಲ್ಲಿ ಒಂಟಿ ಮುದುಕಿಯರು ಅಂಗಡಿಯಲ್ಲಿ ಕದ್ದು ಮತ್ತೆ ಮತ್ತೆ ಜೈಲಿಗೆ ಮರಳುವುದು ಇದಕ್ಕೇ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದ ಬಯಲು ಬಂದೀಖಾನೆಯಂಥ ಜಾಗದಲ್ಲಿ ಆರೈಕೆಯ ವಸತಿ, ಅಥವಾ ಸಮಾಜ ಕಲ್ಯಾಣದ ವೃದ್ಧಾಶ್ರಮಗಳಲ್ಲಿ ಕಾದಿಟ್ಟ ಹಾಸಿಗೆ, ಇವಿಲ್ಲದೆ ಕೇವಲ ಗೇಟು ತೆರೆದರೆ ಮುದುಕನನ್ನು ಬೀದಿಗೆ ದಬ್ಬಿದಂತಾಗುತ್ತದೆ.

ಅರ್ಹ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಅವನ ಕಡತವನ್ನು ಪರಿಗಣಿಸಬೇಕು, ನೀತಿಯಿಲ್ಲದ ರಾಜ್ಯಗಳು ಎರಡು ತಿಂಗಳಲ್ಲಿ ನೀತಿ ಮಾಡಬೇಕು ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 70 ದಾಟಿದ ಹಾಗೂ ಗುಣವಾಗದ ರೋಗದ ಕೈದಿಗಳ ಪರವಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವೂ ಅದೇ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಆದರೆ ‘ಮಾಫಿಯಿಲ್ಲದೆ’ ಎಂದು ಬರೆಸಿಕೊಂಡವರಿಗೆ ಸಾಮಾನ್ಯ ನೀತಿ ತಗಲುವುದಿಲ್ಲ. ಉಳಿಯುವುದು ರಾಜ್ಯಪಾಲರಿಗೆ 161ನೇ ವಿಧಿ, ರಾಷ್ಟ್ರಪತಿಗೆ 72ನೇ ವಿಧಿ ಕೊಟ್ಟ ಅಧಿಕಾರ ಮಾತ್ರ. ಆ ಅಧಿಕಾರವನ್ನು ಯಾವ ವಯಸ್ಸಿನಲ್ಲಿ, ಎಷ್ಟು ವರ್ಷದ ನಂತರ, ಯಾರ ವೈದ್ಯಕೀಯ ವರದಿಯ ಮೇಲೆ ಚಲಾಯಿಸಬೇಕೆಂದು ಸಚಿವ ಸಂಪುಟ ಮಾರ್ಗಸೂಚಿ ಬರೆಯಬಹುದು. ಪ್ರತಿ ಕೈದಿಯ ಜನ್ಮದಿನಾಂಕ ಜೈಲುಗಳ ಇ-ಪ್ರಿಸನ್ಸ್ ತಂತ್ರಾಂಶದಲ್ಲಿದೆ. 65 ತುಂಬಿದ ದಿನ ಕಡತ ತಾನಾಗಿ ಸಮಿತಿಯ ಮೇಜಿಗೆ ಹೋಗುವಂತೆ ಮಾಡಲು ಹೊಸ ಕಾಯ್ದೆ ಬೇಕಿಲ್ಲ. ಶ್ರದ್ಧಾನಂದ ತೀರ್ಪಿನ ಅಪರಾಧಿ 1994ರಿಂದ ಒಳಗಿದ್ದಾನೆ. ಎಂಬತ್ತು ದಾಟಿದ ಮೇಲೆ, 2024ರಲ್ಲಿ, ಮತ್ತೆ ಸುಪ್ರೀಂ ಕೋರ್ಟಿಗೆ ಹೋದ, ಅರ್ಜಿ ತಿರಸ್ಕೃತವಾಯಿತು. ಆ ತೀರ್ಪಿನ ಮಾದರಿಯಲ್ಲಿ ಶಿಕ್ಷೆ ಪಡೆದ ಉಳಿದವರಲ್ಲಿ ಹೆಚ್ಚಿನವರು ಇನ್ನೂ ನಡುವಯಸ್ಸಿನಲ್ಲಿದ್ದಾರೆ.